ಅಂಚೆಪೆಟ್ಟಿಗೆಯ ಮೇಲಿನ ಹೆಸರು

ನೆಸ್ತಾನ್ ತನ್ನೂರು ಕುತೈಸಿಯಿಂದ ಜರ್ಮನಿಯ ಲೈಪ್ಸಿಗ್‌ಗೆ ಸೇತುವೆ ಕಟ್ಟುವ ವಿದ್ಯೆ ಕಲಿಯಲು ಬಂದು ಎರಡು ವರ್ಷವಾಗಿತ್ತು. ಸೇತುವೆಗಿಂತ ಚೆನ್ನಾಗಿ ಅವಳು ಕಲಿತದ್ದು ಹೊಟ್ಟೆಯನ್ನು ಸುಮ್ಮನಿರಿಸುವ ವಿದ್ಯೆ. ಬೇಕರಿ ಮುಚ್ಚುವ ಹೊತ್ತಿಗೆ ಅರ್ಧ ಬೆಲೆಗೆ ಸಿಗುವ ಬ್ರೆಡ್ಡು, ವಿದ್ಯಾರ್ಥಿಗಳ ಊಟದ ಮನೆಯ ಬೇಳೆ ಸೂಪು, ಅಮ್ಮ ಕಟ್ಟಿಕೊಟ್ಟ ಮಸಾಲೆ ಉಪ್ಪು. ಚಳಿಗೆ ಹೀಟರ್ ಹಾಕುವ ಬದಲು ಗ್ರಂಥಾಲಯಕ್ಕೆ ಹೋಗಿ ಕೂರುತ್ತಿದ್ದಳು. ಗೆಳತಿಯರು ಪ್ರಾಗ್‌ಗೆ ಬಸ್ಸಿನಲ್ಲಿ ಹೋಗಿಬರೋಣ ಎಂದಾಗಲೆಲ್ಲ ಪರೀಕ್ಷೆಯ ನೆಪ ಹೇಳುತ್ತಿದ್ದಳು. ಇನ್ನುಳಿದಿದ್ದು ಆರೇ ತಿಂಗಳು. ಊರಿನಲ್ಲಿ ಅಮ್ಮ ಆಗಲೇ ಮಗಳನ್ನು ಇಂಜಿನಿಯರ್ ಮಾಡಿ ಬೀದಿಯೆಲ್ಲ ಸಾರಿಬಿಟ್ಟಿದ್ದಳು.

ಅವಳಿದ್ದದ್ದು ಮೂರನೇ ಮಹಡಿಯಲ್ಲಿ, ಸಹಪಾಠಿ ವೀಬ್ಕೆಯ ಮನೆಯ ಪುಟ್ಟ ಕೋಣೆಯಲ್ಲಿ. ಮನೆ ಒಂದು ಕಂಪನಿಯದು, ಕರಾರು ವೀಬ್ಕೆಯ ಹೆಸರಿನಲ್ಲಿ. ಒಳಗೆ ಇನ್ನೊಬ್ಬಳಿದ್ದಾಳೆಂದು ಕಂಪನಿಗೆ ಹೇಳಿರಲಿಲ್ಲ. ಅಲ್ಲಿ ಕಟ್ಟಡಕ್ಕೆ ನಂಬರು ಇದ್ದರೂ ಒಳಗಿನ ಮನೆಗಳಿಗೆ ಇರುವುದಿಲ್ಲ. ಅಂಚೆಯವನು ಪೆಟ್ಟಿಗೆಯ ಮೇಲಿನ ಹೆಸರು ಓದಿ ಕಾಗದ ಹಾಕುತ್ತಾನೆ, ಹೆಸರಿಲ್ಲದವರು ಅವನ ಲೆಕ್ಕಕ್ಕೆ ಹುಟ್ಟಿಯೇ ಇಲ್ಲ. ಅದಕ್ಕೇ ವೀಬ್ಕೆ ಅಳೆದು ಸುರಿದು, ಕೊನೆಗೆ ತನ್ನ ಹೆಸರಿನ ಕೆಳಗೆ ಬೆರಳಗಲದ ಚೀಟಿ ಅಂಟಿಸಲು ಒಪ್ಪಿದ್ದಳು.

ನೆಸ್ತಾನ್ ವಾಸದ ಪರವಾನಗಿಯನ್ನು ಮುಂದುವರಿಸಲು ಅರ್ಜಿ ಹಾಕಿ ಕಾದಳು. ಎರಡು ತಿಂಗಳಾದರೂ ಉತ್ತರವಿಲ್ಲ. ಕಚೇರಿ ಎಂದರೆ ಹಾಗೇ ಎಂದು ಎಲ್ಲರೂ ಹೇಳಿದರು, ಇವಳೂ ನಂಬಿದಳು. ಕೊನೆಗೆ ತಾನೇ ಹೋದಾಗ ಅಲ್ಲಿನ ಹೆಂಗಸು ಕಡತ ತೆಗೆದು ತೋರಿಸಿದಳು. ವಿಮೆಯ ಪತ್ರ ಕೇಳಿ ಎರಡು ಸಲ ಬರೆದಿದ್ದರು. ಎರಡೂ ಲಕೋಟೆ ‘ಈ ಹೆಸರಿನವರು ಇಲ್ಲಿಲ್ಲ’ ಎಂಬ ಮುದ್ರೆ ಹೊತ್ತು ವಾಪಸಾಗಿದ್ದವು. ಅರ್ಜಿ ಮುಚ್ಚಿಹೋಗಿತ್ತು. ತಿಂಗಳ ಕೊನೆಗೆ ದೇಶ ಬಿಡಬೇಕು.

ನೆಸ್ತಾನ್ ಆ ಲಕೋಟೆಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೆಸರು ಅಂಟಿಸಿದ್ದೆ, ಎರಡು ಸಲ ಚೀಟಿ ಕಾಣೆಯಾಯಿತು, ಎರಡು ಸಲವೂ ಮತ್ತೆ ಅಂಟಿಸಿದೆ ಎಂದು ತೊದಲಿದಳು. ಆ ಹೆಂಗಸು ಕಲ್ಲೆದೆಯವಳೇನಲ್ಲ. ಚೀಟಿ ತೆಗೆದವರು ಯಾರೆಂದು ಗೊತ್ತಾಗಿ, ಅವರೇ ಬರೆದು ಸಹಿ ಹಾಕಿಕೊಟ್ಟರೆ ಕಡತ ಮತ್ತೆ ತೆರೆಯಬಹುದು, ಶುಕ್ರವಾರ ಹನ್ನೆರಡರೊಳಗೆ ತರಬೇಕು ಎಂದಳು.

ಮನೆಗೆ ಬಂದವಳೇ ವೀಬ್ಕೆಯ ಮೇಲೆ ಹರಿಹಾಯ್ದಳು. ಆಡಬಾರದ ಮಾತೆಲ್ಲ ಆಡಿದಳು. ವೀಬ್ಕೆಯ ಮುಖ ಬಿಳಿಚಿಕೊಂಡಿತು. ನಾನು ಮುಟ್ಟಿಲ್ಲ ಎಂದು ಅಳುತ್ತಲೇ ಹೇಳಿ, “ಕೆಳಗೆ ಲೋಥರ್ ಅವರನ್ನ ಕೇಳು. ಈ ಮನೇಲಿ ನೊಣ ಹಾರಿದ್ರೂ ಅವರಿಗೆ ಗೊತ್ತಾಗುತ್ತೆ” ಎಂದಳು.

ಲೋಥರ್ ಆ ಕಟ್ಟಡವನ್ನು ನೋಡಿಕೊಳ್ಳುವವರು. ಹಿಮ ಬಿದ್ದರೆ ಗುಡಿಸುವವರು, ದೀಪ ಕೆಟ್ಟರೆ ಹಾಕುವವರು. ನೆಸ್ತಾನ್ ತನ್ನೂರಿನ ರೂಢಿಯಂತೆ ಅವರನ್ನು ತಾತ ಎನ್ನುತ್ತಿದ್ದಳು. ಜರ್ಮನರು ಹಾಗೆ ಯಾರನ್ನೂ ಕರೆಯುವುದಿಲ್ಲ, ಆದರೆ ಮುದುಕನಿಗೆ ಅದು ಒಳಗೊಳಗೇ ಹಿತವಾಗಿತ್ತು. ಅವಳ ಸೈಕಲ್ ಚೈನು ಎಷ್ಟೋ ಸಲ ಕೇಳದೆಯೇ ಸರಿಮಾಡಿಟ್ಟಿದ್ದರು.

ಚೀಟಿಯ ಮಾತೆತ್ತಿದ್ದೇ ತಡ, ಲೋಥರ್ ಕಣ್ಣು ಮಿಟುಕಿಸಿ ಕಾಫಿ ಬಗ್ಗಿಸಿದರು.

“ಹೆದರ್ಬೇಡ ಕಣಮ್ಮ. ಕಂಪನಿಯವನು ಬರೋ ಹಿಂದಿನ ದಿನ, ಎರಡು ಸಲವೂ ನಾನೇ ಕಿತ್ತೆ. ನಿನ್ನನ್ನ ಓಡಿಸಿಬಿಟ್ಟಾರು ಅಂತ. ಅಂಚೆಯವನು ಎರಡು ಸಲ ಸರ್ಕಾರಿ ಲಕೋಟೆ ಹಿಡಿದು ಬಂದ. ಅಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದೆ. ನನ್ನ ಬಾಯಿಂದ ಯಾರೂ ಸಿಕ್ಕಿಬೀಳಲ್ಲ.”

ನೆಸ್ತಾನ್‌ಗೆ ಅವರ ಮುಖಕ್ಕೆ ಕಾಫಿ ಎರಚಬೇಕೆನಿಸಿತು. ಹಾಗೆಯೇ ಅವರ ಕಾಲ ಬಳಿ ಕುಳಿತು ಗೋಳೋ ಎಂದು ಅಳಬೇಕೆಂದೂ ಅನಿಸಿತು. ಎರಡೂ ಮಾಡದೆ, ಆ ಲಕೋಟೆಯಲ್ಲಿ ಏನಿತ್ತೆಂದು ನಿಧಾನವಾಗಿ ಹೇಳಿದಳು. ಕೇಳುತ್ತ ಕೇಳುತ್ತ ಲೋಥರ್ ಕುಗ್ಗಿಹೋದರು.

“ಇದನ್ನೇ ಬರೆದು ಸಹಿ ಹಾಕಿಕೊಡಿ ತಾತ. ಅಷ್ಟು ಸಾಕು.”

“ಬೇರೆ ಏನಾದ್ರೂ ಕೇಳು,” ಎಂದರು ಲೋಥರ್. “ಸಹಿ ಮಾತ್ರ ಕೇಳ್ಬೇಡ.”

ಅವಳು ಬಿಡಲಿಲ್ಲ. ಆಗ ಅವರು ಕಿಟಕಿಯ ಕಡೆ ತಿರುಗಿ ಹೇಳಿದರು. ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲ, ಅವರಿಗೆ ಇಪ್ಪತ್ತೈದು ವರ್ಷ. ಒಬ್ಬ ಗುಪ್ತ ಪೊಲೀಸ್ ಅಧಿಕಾರಿ ಬಂದು ಇದೇ ಕಟ್ಟಡದ ನಾಲ್ಕನೇ ಮಹಡಿಯ ರೈನ್‌ಹಾರ್ಡ್‌ನ ಮನೆಗೆ ಯಾರು ಬಂದುಹೋಗುತ್ತಾರೆಂದು ಬರೆಸಿಕೊಂಡ. ಐದಾರು ಸಾಲು, ಕೆಳಗೊಂದು ಸಹಿ. ರೈನ್‌ಹಾರ್ಡ್ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಹೊರಬಂದ ಮೇಲೂ ಮೆಟ್ಟಿಲ ಮೇಲೆ ಸಿಕ್ಕಾಗ ಇವರಿಗೆ ನಮಸ್ಕಾರ ಹೇಳುತ್ತಿದ್ದ, ಯಾರು ಬರೆದುಕೊಟ್ಟದ್ದೆಂದು ಅವನಿಗೆ ಗೊತ್ತಿರಲಿಲ್ಲ.

“ಆವತ್ತಿಂದ ಯಾವ ಕಚೇರಿಗೂ ಒಂದಕ್ಷರ ಬರೆದುಕೊಟ್ಟಿಲ್ಲ,” ಎಂದರು.

“ಅವರನ್ನ ಒಳಗೆ ಹಾಕ್ಸಿದ್ದು ನಿಮ್ಮ ಸಹಿ. ನನ್ನನ್ನ ಹೊರಗೆ ಹಾಕ್ತಿರೋದು ನಿಮ್ಮ ಮೌನ,” ಎಂದು ನೆಸ್ತಾನ್ ಬಾಗಿಲು ಹಾಕಿಕೊಂಡು ಹೋದಳು. ಆಡಿದ್ದು ನಿಜ, ಆದರೂ ಅರ್ಧ ಮೆಟ್ಟಿಲು ಹತ್ತಿ, ಒಮ್ಮೆ ತಿರುಗಿ ಆ ಬಾಗಿಲನ್ನು ನೋಡಿದಳು.

ಶುಕ್ರವಾರ ಹತ್ತೂವರೆಗೆ ಲೋಥರ್ ತಾವೇ ಕರೆದರು. ಕ್ಷೌರ ಮಾಡಿಕೊಂಡು ಇಸ್ತ್ರಿ ಅಂಗಿ ತೊಟ್ಟಿದ್ದರು. ಮೇಜಿನ ಮೇಲೊಂದು ಹಾಳೆ. ಅದರಲ್ಲಿ ತಾರೀಕು, ಬೀದಿಯ ಹೆಸರು, ನೆಸ್ತಾನ್‌ಳ ಪೂರ್ತಿ ಹೆಸರು, ನಡೆದದ್ದೆಲ್ಲವೂ ನೇರವಾಗಿತ್ತು. ಕೆಳಗೆ ಸಹಿಯ ಜಾಗ ಖಾಲಿ. “ಬೆಳಗ್ಗೆ ಆರರಿಂದ ಕೂತಿದ್ದೀನಿ. ಇನ್ನೊಂದು ಚೂರು ಹೊತ್ತು ಕೊಡಮ್ಮ,” ಎಂದರು. ನೆಸ್ತಾನ್ ಎದುರಿಗೆ ಕುಳಿತಳು. ಟ್ರಾಮಿನಲ್ಲಿ ಕಚೇರಿಗೆ ಇಪ್ಪತ್ತು ನಿಮಿಷ. ಲೋಥರ್ ಪೆನ್ನು ಹಾಳೆಗೆ ತಾಗಿಸುವರು, ಎತ್ತುವರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಅವರ ಕೈ ಹಿಡಿದು ಸಹಿ ಹಾಕಿಸಿಬಿಡಲೇ ಎಂದು ಅವಳಿಗೆ ಅನಿಸಿದ್ದು ಸುಳ್ಳಲ್ಲ.

ಹನ್ನೆರಡಾದಾಗ ನೆಸ್ತಾನ್ ಎದ್ದು, ಸೆಟೆದುಕೊಂಡಿದ್ದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ನನ್ನು ಪಕ್ಕಕ್ಕಿಟ್ಟಳು.

“ಸಾಕು ಬಿಡಿ ತಾತ,” ಎಂದಳು.