ಮೂರನೇ ಫೈಲಿನ ಕೊನೆಯ ಸಾಲು

ತೆಗೆದುಹಾಕಬೇಕಾದ ಫೈಲು ಮೂರನೇ ಬೆಳಗ್ಗೆಯೂ ಜಪ್ಪಯ್ಯ ಅನ್ನಲಿಲ್ಲವೆಂದರೆ ಎಂಥವರಿಗೂ ಸಿಟ್ಟು ಬರುತ್ತದೆ. ಕೃತಿಕಾಳಿಗಂತೂ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ‘ಫೈಲ್ ಖಾಲಿ ಇಲ್ಲ, ತೆಗೆದುಹಾಕಲಾಗದು’ ಎಂಬ ಉತ್ತರ ಪರದೆಯ ಮೇಲೆ ಮತ್ತೆ ಮೂಡಿದಾಗ ಅವಳು ಕೀಬೋರ್ಡನ್ನು ಅತ್ತ ತಳ್ಳಿ, “ನಿನ್ ಮನೆ ಹಾಳಾಗ!” ಎಂದು ಬೈದಳು. ಕಂಪ್ಯೂಟರಿಗೆ ಮನೆ ಎಲ್ಲಿಂದ ಬಂತು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ತೆಂಗು ಬೆಳೆಗಾರರ ಸಂಘವೊಂದರ ಕಚೇರಿ ಅದು. ಸುತ್ತಲಿನ ಮೂರು ತಾಲ್ಲೂಕಿನ ತೋಟಗಳಲ್ಲಿ ಒಳ್ಳೆಯ ಫಸಲು ಕೊಡುವ ತಾಯಿ ಮರಗಳನ್ನು ಗುರುತಿಸಿ, ಅವುಗಳ ಬಿತ್ತನೆ ಕಾಯಿಯನ್ನು ಬೇಕಾದವರಿಗೆ ಹಂಚುವುದು ಸಂಘದ ಕೆಲಸ. ಒಂದೊಂದು ಮರಕ್ಕೂ ಒಂದು ನಂಬರು, ವಯಸ್ಸು, ಫೋಟೋ, ಅದರ ಕಾಯಿ ಯಾರ ಮನೆ ಸೇರಿತು ಎಂಬ ವಿವರ. ಅದೆಲ್ಲ ಡೇಟಾಬೇಸಿನಲ್ಲಿತ್ತು. ಡೇಟಾಬೇಸು ಮೂರು ದೊಡ್ಡ ಫೈಲುಗಳಲ್ಲಿ ಕೂತಿತ್ತು. ಅವುಗಳಲ್ಲಿ ಮೂರನೆಯದು ಈಗ ಬೇಕಿರಲಿಲ್ಲ. ಅದರೊಳಗಿನ ಮರಗಳನ್ನೆಲ್ಲ ಎರಡು ವರ್ಷದ ಹಿಂದೆಯೇ ಹೊಸ ಪಟ್ಟಿಗೆ ಸಾಗಿಸಿದ್ದರು. ಹಳೆಯ ಪ್ರತಿ ಮಾತ್ರ ಅಲ್ಲೇ ಬಿದ್ದುಕೊಂಡು ಅರ್ಧ ಡಿಸ್ಕನ್ನು ನುಂಗಿತ್ತು.

ಸೋಮವಾರ ಹತ್ತು ಗಂಟೆಗೆ ಬಿತ್ತನೆ ಕಾಯಿಯ ಬುಕಿಂಗ್ ಶುರು. ಡಿಸ್ಕಿನಲ್ಲಿ ಉಳಿದ ಚೂರು ಜಾಗ ಮೊದಲ ಗಂಟೆಯ ಹೆಸರುಗಳಿಗೂ ಸಾಲದು. ಅಧ್ಯಕ್ಷ ಸೂರ್ಯಪ್ರಕಾಶ್ ಅವರು ಹೊರಗಿನವರನ್ನು ಕರೆಸಿ, ಕಳೆದ ಐದು ವರ್ಷದ ವಿವರ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಅಳಿಸಿಬಿಡೋಣ ಎಂದಿದ್ದರು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಕೃತಿಕಾ ಸಭೆಯಲ್ಲೇ ಎದ್ದು ನಿಂತು, “ಬೇಡ ಸರ್, ನಾನು ಮಾಡ್ತೀನಿ. ಒಂದು ಸಾಲೂ ಹೋಗಲ್ಲ” ಎಂದು ಮಾತು ಕೊಟ್ಟಿದ್ದಳು. “ಶನಿವಾರ ಸಂಜೆವರೆಗೂ ನೋಡ್ತೀನಿ ಕಣಮ್ಮ” ಎಂದಿದ್ದರು ಅವರು. ಇವತ್ತೇ ಶನಿವಾರ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಹಳೆಯ ಸಾಲುಗಳನ್ನು ಹೊಸದರೊಂದಿಗೆ ತಾಳೆ ನೋಡಿ, ಬುಧವಾರ ಸಂಜೆಯೇ ಮೂರನೇ ಫೈಲನ್ನು ಬರಿದು ಮಾಡಿದ್ದಳು. ಆದರೆ ಒಳಗಿನದನ್ನು ತೆಗೆದ ಮಾತ್ರಕ್ಕೆ ಫೈಲು ಹಿಡಿದ ಜಾಗ ಬಿಡುವುದಿಲ್ಲ. ಫೈಲನ್ನೇ ತೆಗೆಯಬೇಕು. ಅದಕ್ಕೂ ಮೊದಲು ಎಲ್ಲದರ ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬೇಕು; ಒಂದು ಸಾಲು ಬದಲಾದರೂ ಮತ್ತೆ ಮೊದಲಿನಿಂದ ಇಳಿಸಬೇಕು. ಹಗಲು ಜನ ಕೆಲಸ ಮಾಡುವಾಗ ಅದಕ್ಕೆ ಕೈ ಹಾಕುವಂತಿಲ್ಲವಾದ್ದರಿಂದ, ರಾತ್ರಿ ತಾನಾಗಿ ಇಳಿಯುವಂತೆ ಮಾಡಿ ಬೆಳಗ್ಗೆ ಬಂದು ತೆಗೆಯುವ ಆದೇಶ ಕೊಡುತ್ತಿದ್ದಳು. ಬಂದು ನೋಡಿದರೆ ಬರಿದಾದ ಪಟ್ಟಿಯಲ್ಲಿ ಒಂದು ಸಾಲು! ಗುರುವಾರ, ತಾನೇ ಬಿಟ್ಟಿರಬೇಕು ಎಂದುಕೊಂಡು ಅಳಿಸಿದಳು. ಶುಕ್ರವಾರ ಮತ್ತೆ ಒಂದು ಸಾಲು. ಪ್ರೋಗ್ರಾಮು ಕೆಟ್ಟಿತೆಂದುಕೊಂಡು ಅದನ್ನೂ ಅಳಿಸಿ, ಎಲ್ಲವನ್ನೂ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಡಿಪ್ಲೊಮಾ ಓದುವಾಗಿನ ಗೆಳತಿ ಆಶಾಳಿಗೆ ಫೋನು ಮಾಡಿದಳು. ಅವಳು, “ವೈರಸ್ ಇರ್ಬೇಕು ಕಣೇ” ಎಂದು ಹೇಳಿ ಇನ್ನಷ್ಟು ಹೆದರಿಸಿದಳು.

ಇವತ್ತು ಬೈದು ಮುಗಿದ ಮೇಲೆ ತಲೆ ಓಡಿತು. ಆ ಸಾಲು ಯಾವಾಗ, ಎಲ್ಲಿಂದ ಬಂತೆಂದು ಹುಡುಕಿದಳು. ಬೆಳಗ್ಗೆ ಎಂಟು ನಲವತ್ತೇಳು. ಕಿಟಕಿ ಪಕ್ಕದ ಕಂಪ್ಯೂಟರು.

ಕಿಟಕಿ ಪಕ್ಕದ ಕಂಪ್ಯೂಟರು ಗಂಗಲಕ್ಷ್ಮಿಯದು. ಕಂದಿಕೆರೆಯ ಗಂಗಲಕ್ಷ್ಮಿ ಸಂಘದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದವರು. ಬಿಸಿಲಲ್ಲಿ ತೋಟ ತೋಟ ಸುತ್ತಿ, ಮರದ ಬುಡದಲ್ಲಿ ನಿಂತು ಗೊನೆ ಎಣಿಸಿ, ಮೊದಲು ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಎಲ್ಲವನ್ನೂ ಒಂದೇ ಬೆರಳಿನಲ್ಲಿ ಟೈಪು ಮಾಡಿದವರು. “ನೋಡದ ಮರ ಬರ್ದಿಲ್ಲ, ಕೊಡದ ಕಾಯಿ ಬರ್ದಿಲ್ಲ” ಎನ್ನುವುದು ಅವರ ಹೆಮ್ಮೆ. ದಿನವೂ ಎಲ್ಲರಿಗಿಂತ ಮೊದಲು ಬಂದು, ಕಿಟಕಿ ತೆಗೆದು, ಊದುಬತ್ತಿ ಹಚ್ಚಿ, ಅಭ್ಯಾಸಬಲದಿಂದ ಹಳೆಯ ಪಟ್ಟಿಯನ್ನೊಮ್ಮೆ ತೆರೆದು ನೋಡಿಯೇ ಅವರು ಕೂರುವುದು.

“ಲಕ್ಷ್ಮಕ್ಕ, ಬೆಳಗ್ಗೆ ಹಳೇ ಪಟ್ಟೀಲಿ ಏನಾದ್ರೂ ಬರೆದ್ರಾ?”

“ಬರ್ದೆ ಕಣವ್ವ. ಒಂದೇ ಒಂದು.”

“ನಿನ್ನೆ?”

“ನಿನ್ನೇನೂ ಬರ್ದೆ, ಮೊನ್ನೇನೂ ಬರ್ದೆ. ಅದ್ಯಾಕೋ ಹಾಕಿದ್ದು ನಿಲ್ತಾನೇ ಇಲ್ಲ.”

ಕೃತಿಕಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಯಾಕೆ ಬರೆದ್ರಿ ಲಕ್ಷ್ಮಕ್ಕ?”

“ಬಂದು ನೋಡಿದ್ರೆ ಸೊನ್ನೆ ಅಂತ ತೋರಿಸ್ತಿತ್ತು. ಇಪ್ಪತ್ತೆರಡು ವರ್ಷದ ಅಟ್ಟ ಕಣೇ ಅದು! ಬರಿದು ಬುಡಕಾಯ್ತದಾ? ಒಂದು ಕಾಯಿ ಹಾಕ್ದೆ.”

ಕಂದಿಕೆರೆಯ ಗಂಗಲಕ್ಷ್ಮಿಯ ಮನೆಯಲ್ಲಿ ವರ್ಷವಿಡೀ ಒಣಗಿದ ಕೊಬ್ಬರಿಯನ್ನು ಅಟ್ಟದಿಂದ ಇಳಿಸುವಾಗ ಒಂದು ಕಾಯನ್ನು ಮೂಲೆಯಲ್ಲಿ ಬಿಟ್ಟೇ ಇಳಿಯುತ್ತಾರೆ. ಅಟ್ಟ ಬರಿದಾದರೆ ಅವರ ಮನಸ್ಸು ಒಪ್ಪುವುದಿಲ್ಲ. ಹುಳಿಯಾರಿನ ಕೃತಿಕಾಳಿಗೆ ಇದು ತಿಳಿದಿರಲಿಲ್ಲ. ಅವಳ ಅಪ್ಪ ಗಂಗರಾಜು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಅವರಿಗೆ ತೋಟವಿಲ್ಲ, ತೆಂಗಿನ ಒಂದು ಮರವೂ ಇಲ್ಲ, ಇನ್ನು ಅಟ್ಟವೆಲ್ಲಿಂದ ಬರಬೇಕು?

“ನೀವು ಹಾಕಿದ ಆ ಒಂದು ಕಾಯಿಂದ ನಿಮ್ ಮರಗಳೆಲ್ಲ ಹೋಗ್ತವೆ ಲಕ್ಷ್ಮಕ್ಕ” ಎಂದು ಕೃತಿಕಾ ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಮರಗಳ ವಿವರ ಹೊಸ ಪಟ್ಟಿಯಲ್ಲಿ ಭದ್ರವಾಗಿರುವುದು, ಮೂರನೇ ಫೈಲು ಹೋಗದಿದ್ದರೆ ಜಾಗವಾಗದಿರುವುದು, ಸಂಜೆಯೊಳಗೆ ಜಾಗವಾಗದಿದ್ದರೆ ಹದಿನೇಳು ವರ್ಷದ ಬರಹ ಅಳಿಸಿಹೋಗುವುದು. ಕೇಳುತ್ತಾ ಕೇಳುತ್ತಾ ಗಂಗಲಕ್ಷ್ಮಿಯ ಮುಖ ಬಿಳಿಚಿತು. ಆಮೇಲೆ ಇದ್ದಕ್ಕಿದ್ದಂತೆ ಅವರಿಗೇ ರೇಗಿತು.

“ಅಟ್ಟ ಕೆಡವ್ತಿದೀನಿ ಅಂತ ಮೊದ್ಲೇ ಹೇಳಬಾರ್ದಾ? ಕ್ಲೀನ್ ಮಾಡ್ತಿದೀನಿ, ಕ್ಲೀನ್ ಮಾಡ್ತಿದೀನಿ ಅಂದ್ಯಲ್ಲ! ಕೊಬ್ರಿ ಇಳ್ಸೋದೇ ಬ್ಯಾರೆ, ಅಟ್ಟ ಕೆಡವೋದೇ ಬ್ಯಾರೆ. ಕೆಡವೋದಾದ್ರೆ ಕೊನೇ ಕಾಯಿ ಮೊದ್ಲು ಹೊಸ ಅಟ್ಟಕ್ಕೆ ಹೋಗ್ಬೇಕು. ಆಮೇಲೆ ಹಳೇದು ಬರಿದಾದ್ರೂ ತಪ್ಪಿಲ್ಲ.”

ಕೃತಿಕಾಳಿಗೆ ನಾಚಿಕೆಯಾಯಿತು. ಅಧ್ಯಕ್ಷರಿಗೆ ಹೇಳಿದ್ದಳು, ಗೆಳತಿಗೆ ಹೇಳಿದ್ದಳು. ಮರಗಳು ಯಾರವೋ ಅವರನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. “ತಪ್ಪಾಯ್ತು ಲಕ್ಷ್ಮಕ್ಕ. ಬನ್ನಿ, ನೀವೇ ಏರಿಸಿ” ಎಂದು ಹೊಸ ಪಟ್ಟಿ ತೆರೆದುಕೊಟ್ಟಳು.

ಗಂಗಲಕ್ಷ್ಮಿ ಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿದರು. ಮರ: ಕಂದಿಕೆರೆ, ಗಂಗಲಕ್ಷ್ಮಿ ಹಿತ್ತಲು. ಕಾಯಿ: ಒಂದು. ಆದರೆ ಹೊಸ ಪಟ್ಟಿ ಒಪ್ಪಲಿಲ್ಲ. ‘ಪಡೆದವರ ಹೆಸರು ಕಡ್ಡಾಯ’ ಎಂದು ಕೆಂಪಗೆ ಹೇಳಿತು. ಹಳೆಯದಕ್ಕೆ ಆ ಹಟವಿರಲಿಲ್ಲ.

“ಯಾರ ಹೆಸರು ಹಾಕೋಣ?” ಎಂದಳು ಕೃತಿಕಾ.

ಗಂಗಲಕ್ಷ್ಮಿ ಅವಳನ್ನು ಒಮ್ಮೆ ನೋಡಿದರು. ಕನ್ನಡಕ ಏರಿಸಿಕೊಂಡು ಹುಡುಕಿ ಹುಡುಕಿ ಟೈಪು ಮಾಡಿದರು: ಕೃತಿಕಾ, ಹುಳಿಯಾರು. ಪಟ್ಟಿ ತಕ್ಷಣ ಒಪ್ಪಿತು.

ಒಂದು ಗಂಟೆಗೆ ಕಚೇರಿಯವರೆಲ್ಲ ಮನೆಗೆ ಹೋದರು. ಕೃತಿಕಾ ಹಳೆಯ ಸಾಲು ಅಳಿಸಿ, ಪ್ರತಿ ಇಳಿಸಲು ಹಚ್ಚಿದಳು. ಅದು ಇಳಿಯುವವರೆಗೆ ಇಬ್ಬರೂ ಗಂಗಲಕ್ಷ್ಮಿಯ ಡಬ್ಬಿಯಲ್ಲಿದ್ದ ಕಾಯಿ ಹೋಳಿಗೆಯನ್ನು ಹಂಚಿಕೊಂಡು ತಿಂದರು. ಮೂರೂಕಾಲಿಗೆ ಆದೇಶ ಟೈಪು ಮಾಡಿ, “ನೀವೇ ಒತ್ತಿ” ಎಂದಳು. ಗಂಗಲಕ್ಷ್ಮಿ ಕೈ ಒರೆಸಿಕೊಂಡು, ಕೀಬೋರ್ಡು ಮುಟ್ಟಿ ಕಣ್ಣಿಗೊತ್ತಿಕೊಂಡು, ಎಂಟರ್ ಕೀಲಿ ಒತ್ತಿದರು.

ಫೈಲು ಹೋಯಿತು. ಕೆಂಪಗಿದ್ದ ಡಿಸ್ಕಿನ ಗೆರೆ ಅರ್ಧಕ್ಕೆ ಇಳಿದು ಹಸಿರಾಯಿತು. ಕೃತಿಕಾ ಕುರ್ಚಿಯಿಂದ ಜಿಗಿದು ಗಂಗಲಕ್ಷ್ಮಿಯನ್ನು ತಬ್ಬಿಕೊಂಡಳು. “ಬುಡೇ, ಕನ್ನಡಕ ಬಿದ್ದೋಗ್ತದೆ!” ಎಂದು ಅವರು ನಗುತ್ತಾ ಬೈದರು. ಅಧ್ಯಕ್ಷರು ಫೋನು ಮಾಡಿದಾಗ ಕೃತಿಕಾ ಎದೆಯುಬ್ಬಿಸಿ ಹೇಳಿದಳು: “ಒಂದು ಸಾಲೂ ಹೋಗಿಲ್ಲ ಸರ್. ಒಂದು ಜಾಸ್ತೀನೇ ಆಗಿದೆ.”

ಸೋಮವಾರ ಬುಕಿಂಗಿನ ಸಾಲು ಬೀದಿಯವರೆಗೂ ಬೆಳೆಯಿತು. ಹೆಸರುಗಳು ಸರಸರನೆ ಒಳಗೆ ಹೋದವು. ಸಂಜೆ ಕೃತಿಕಾ ಹೊರಡುವಾಗ ಗಂಗಲಕ್ಷ್ಮಿ ಮೇಜಿನ ಕೆಳಗಿನಿಂದ ಚೀಲವೊಂದನ್ನು ತೆಗೆದು ಅವಳ ಕೈಗಿಟ್ಟರು. ಒಳಗೆ ಸಿಪ್ಪೆ ಸಮೇತ ದಪ್ಪನೆಯ ಬಿತ್ತನೆ ಕಾಯಿ.

“ನಂಗ್ಯಾಕೆ ಲಕ್ಷ್ಮಕ್ಕ?”

“ಯಾಕೆ ಅಂದ್ರೆ? ಕೊಟ್ಟೆ ಅಂತ ಬರ್ದಿದೀನಲ್ಲ.”

“ನಮಗೆ ತೋಟ ಎಲ್ಲೈತೆ?”

“ಒಂದು ಮರಕ್ಕೆ ತೋಟ ಯಾಕೆ ಬೇಕೇ? ಬಚ್ಚಲ ನೀರು ಹೋಗೋ ಜಾಗ ಇಲ್ವಾ?”

ಹುಳಿಯಾರಿನ ಬಸ್ಸಿನಲ್ಲಿ ಕೃತಿಕಾ ಕಾಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಂಡಕ್ಟರು ಟಿಕೆಟ್ಟು ಹರಿಯುತ್ತಾ, “ಏನಮ್ಮ, ತಿಪಟೂರಿಂದ ಒಂದೇ ಕಾಯಾ?” ಎಂದು ಛೇಡಿಸಿದ. “ಒಂದೇ ಸಾಕು ಕಣಣ್ಣ” ಎಂದಳು. ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಗಂಗರಾಜು ಬಿಚ್ಚಿಟ್ಟ ಮೋಟಾರನ್ನು ಹಾಗೇ ಬಿಟ್ಟು, ಬಚ್ಚಲ ಹಿಂದೆ ಗುಂಡಿ ತೋಡಲು ಎದ್ದ.