ಮೂರನೆಯ ಸಾಲಿನ ತೂಕ

"ಅಕ್ಕ, ಮೂರನೇದಕ್ಕೆ ಯಾಕೆ ಅಷ್ಟು ಹೊತ್ತು ನಿಲ್ತೀರಿ?"

ಕೋಚಮ್ಮ ಕೇಳಿದಾಗ ಕಬ್ಬಿಣದ ಸರಳು ಇನ್ನೂ ನನ್ನ ಕೈಯಲ್ಲೇ ಇತ್ತು. ಮೆಲ್ಲಗೆ ನೆಲಕ್ಕಿಟ್ಟೆ.

"ನಿಲ್ತೀನಾ?"

"ದಿನಾ ನಿಲ್ತೀರಿ. ಒಂದು, ಎರಡು ಸರಾಗ. ಮೂರು ಬಂತು ಅಂದ್ರೆ ಮೇಲೆತ್ತಿ ಹಾಗೇ ಹಿಡ್ಕೊಂಡುಬಿಡ್ತೀರಿ. ನಾನು ಐದು ಸಲ ಅಂದ್ರೆ ಆರು ಸಲ ಎತ್ತುತ್ತೀರಿ. ಆ ಆರನೇದಕ್ಕೂ ಇದೇ ಕಥೆ. ಮೂರು ವಾರದಿಂದ ನೋಡ್ತಿದೀನಿ, ತಲೆ ಕೆಟ್ಟುಹೋಗಿದೆ ನಂಗೆ."

"ಐದು ತಗೊಂಡ್ರೆ ಒಂದು ಫ್ರೀ, ನಮ್ಮ ಬನ್ನಿನ ಥರ," ಎಂದಳು ಪಕ್ಕದ ಬೆಂಚಿನಲ್ಲಿ ಕೂತಿದ್ದ ಬೇಕರಿ ಅಕ್ಕ. ಹಿಟ್ಟಿನ ಮೂಟೆ ಹೊತ್ತು ಹೊತ್ತು ಬೆನ್ನು ಹಿಡಿದುಕೊಂಡ ಮೇಲೆ ಇಲ್ಲಿಗೆ ಬಂದವಳು ಅವಳು. ಟೈರ್ ಅಂಗಡಿಯ ಮೇಲಿನ ಈ ಜಿಮ್ಮಿನ ಉದ್ದ ಹಜಾರದಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಹೆಂಗಸರ ಸಮಯ. ಕೆಳಗಿನಿಂದ ರಬ್ಬರಿನ ವಾಸನೆ ಮೇಲೇರಿ ಬರುತ್ತದೆ. ನಾವು ಏಳೆಂಟು ಜನ, ನಮಗೆಲ್ಲ ಒಬ್ಬಳೇ ಕೋಚಮ್ಮ. ವಯಸ್ಸು ಮೂವತ್ತಾಗಿಲ್ಲ, ಮಾತು ಮಾತ್ರ ಹೆಡ್‌ಮಾಸ್ಟರದು.

ಮುಚ್ಚಿಡುವಂಥದ್ದೇನಲ್ಲ ಎಂದು ಹೇಳಿದೆ. ನಾನು ಒಂದು ಎರಡು ಎಂದು ಎಣಿಸುವುದಿಲ್ಲ. ಮನೆಯಲ್ಲಿ ಬೆಳಿಗ್ಗೆ ದೇವರೆದುರು ಹೇಳುವ ಪದ್ಯವೊಂದಿದೆ, ಷಟ್ಪದಿ. ಆರು ಸಾಲು. ಒಂದೊಂದು ಸಾಲಿಗೂ ಒಂದೇ ಉಸಿರು. ಮೂರನೆಯ ಮತ್ತು ಆರನೆಯ ಸಾಲು ಉಳಿದವಕ್ಕಿಂತ ಉದ್ದ. ಸಾಲು ಮುಗಿಯದೆ ಸರಳನ್ನು ಕೆಳಗಿಡಲು ಮನಸ್ಸು ಬರುವುದಿಲ್ಲ.

"ಪದ್ಯವನ್ನ ಅರ್ಧಕ್ಕೆ ಬಿಡೋಕಾಗತ್ತಾ ಕೋಚಮ್ಮ? ಅದಕ್ಕೇ ಆರು."

ಅವಳು ಸೊಂಟದ ಮೇಲೆ ಕೈಯಿಟ್ಟು ಒಂದು ಕ್ಷಣ ಯೋಚಿಸಿದಳು. "ಎಲ್ಲಿ, ಈ ಸಲ ಗಟ್ಟಿಯಾಗಿ ಹೇಳ್ತಾ ಎತ್ತಿ."

ನನಗೆ ಸಂಕೋಚ. ಆದರೂ ಹೇಳಿದೆ, ಎತ್ತಿದೆ. ಮುಗಿದ ಮೇಲೆ ಕೋಚಮ್ಮ ಕೈತಟ್ಟಲಿಲ್ಲ, ಹತ್ತಿರ ಬಂದು ಹುಬ್ಬು ಗಂಟಿಕ್ಕಿ ಕೇಳಿದಳು: "ಎತ್ತುವಾಗ ಉಸಿರು ಬಿಡಬೇಕು ಅಂತ ನಿಮಗೆ ಹೇಳಿಕೊಟ್ಟವರು ಯಾರು? ಬೇರೆಯವರಿಗೆ ಅದನ್ನ ಕಲಿಸೋಕೆ ನಂಗೆ ತಿಂಗಳು ಹಿಡಿಯತ್ತೆ."

"ನಮ್ಮತ್ತೆ," ಎಂದೆ. "ಆದ್ರೆ ಪದ್ಯಕ್ಕೆ."

ಅತ್ತೆಯ ವಿಷಯ ಅಲ್ಲಿಗೇ ನಿಲ್ಲಿಸಿದೆ. ಸೇರಿದ ದಿನ "ಐವತ್ತಾರು ಕೆಜಿ ಎತ್ತೋಕೆ ಎಷ್ಟು ದಿನ ಬೇಕು?" ಎಂದು ಕೇಳಿದವಳು ನಾನೇ. "ಅದೇನು ಐವತ್ತಾರೇ?" ಎಂದು ಕೋಚಮ್ಮ ನಕ್ಕಿದ್ದಳು. ಅದು ಅತ್ತೆಯ ತೂಕ ಎಂದು ಬಾಯಿ ಬಿಟ್ಟು ಹೇಳಲಾಗಲಿಲ್ಲ. ದೊಡ್ಡವರನ್ನು ಮೂಟೆಯ ಲೆಕ್ಕಕ್ಕೆ ಇಟ್ಟ ಹಾಗಾಗುತ್ತದಲ್ಲ.

ನಾಲ್ಕು ತಿಂಗಳ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ, ಆದರೆ ಏಳಲಾಗಲಿಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಜೀವಮಾನದಲ್ಲಿ ಎತ್ತಿದ್ದೆಲ್ಲ ಎಳ್ಳುಕಾಳಿನಷ್ಟು ಸ್ಕ್ರೂ. ಕಂಕುಳಿಗೆ ಕೈ ಹಾಕಿ ಎಳೆದೆ, ಜಗ್ಗಿದೆ, ಕೊನೆಗೆ ಅವರ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕೂತೆ. ಶಾಲೆಯ ಬಸ್ಸು ಓಡಿಸುವ ನನ್ನ ಗಂಡ ಮನೆಗೆ ಬರುವವರೆಗೆ ನಲವತ್ತು ನಿಮಿಷ. ನಾನು ಅಳಬಾರದೆಂದು ಅತ್ತೆ ಅಷ್ಟು ಹೊತ್ತೂ ಪದ್ಯ ಹೇಳುತ್ತಿದ್ದರು.

ಮರುದಿನ ನಾದಿನಿ ಬಂದು ಹೇಳಿದಳು: "ಇನ್ನೊಂದು ಸಲ ಬಿದ್ರೆ ಅಮ್ಮನ್ನ ವಯಸ್ಸಾದವರ ಆರೈಕೆ ಮನೆಗೆ ಸೇರಿಸೋದೇ. ನಿಮ್ಮನ್ನ ಬಯ್ತಿಲ್ಲ ಅತ್ತಿಗೆ. ನಿಮ್ಮ ಕೈಲಿ ಆಗಲ್ಲ, ಅಷ್ಟೇ."

ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಕೊರೆದದ್ದು. ಅತ್ತೆ ಅಂದಿನಿಂದ ಬಚ್ಚಲಿಗೆ ಹೋಗುವಾಗ ಗೋಡೆಯನ್ನು ಎರಡೂ ಕೈಯಿಂದ ಸವರಿಕೊಂಡು ಹೋಗತೊಡಗಿದರು.

ಕಬ್ಬಿಣ ಎತ್ತುವುದು ಕೈಯ ಕೆಲಸವೆಂದು ನಾನು ತಿಳಿದಿದ್ದೆ. ಅದು ಪಾದದ ಕೆಲಸವಂತೆ. ನೆಲವನ್ನು ಒತ್ತಿದರೆ ಸರಳು ಮೇಲೆ ಬರುತ್ತದೆ. ಇದು ನನಗೆ ಎಷ್ಟು ಸೋಜಿಗವಾಯಿತೆಂದರೆ, ರಸ್ತೆಯಲ್ಲಿ ಗ್ಯಾಸ್ ಸಿಲಿಂಡರ್ ಇಳಿಸುವವರ ಹಿಮ್ಮಡಿಯನ್ನೇ ನೋಡುತ್ತ ನಿಲ್ಲುತ್ತಿದ್ದೆ. "ಅದೇನು ಕಳ್ಕೊಂಡಿದೀಯ ಅಲ್ಲಿ?" ಎಂದು ಗಂಡ ಒಮ್ಮೆ ಬಸ್ಸಿನಿಂದಲೇ ಕೂಗಿದ್ದರು.

ಹತ್ತನೆಯ ವಾರ ಐವತ್ತಾರು ಬಂತು. ಆರೂ ಸಾಲು, ಒಂದೂ ತಪ್ಪಲಿಲ್ಲ. ಬೇಕರಿ ಅಕ್ಕ ಬೆನ್ನಿಗೆ ಗುದ್ದಿದಳು. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಮನೆಗೆ ಬಂದೆ.

"ಅತ್ತೆ, ಒಂದು ಸಲ ನೆಲದ ಮೇಲೆ ಮಲಗ್ತೀರಾ?"

ಅವರು ನನ್ನ ಮುಖ ನೋಡಿದರು. ಕುತೂಹಲದಲ್ಲಿ ನನಗಿಂತ ಒಂದು ಕೈ ಮೇಲು ಅವರು. ನನ್ನ ಭುಜ ಹಿಡಿದು, ಚಾಪೆಯ ಮೇಲೆ ಇಳಿದು, ಸೀರೆ ಸರಿಮಾಡಿಕೊಂಡು ಮಲಗಿದರು. "ಹೂಂ, ಎತ್ತು ನೋಡೋಣ."

ಪಾದ ಊರಿದೆ. ಮೊಣಕಾಲು ಬಗ್ಗಿಸಿದೆ. ಎತ್ತಲು ಹೋದೆ. ಎಲ್ಲಿ ಹಿಡಿಯಲಿ? ಭುಜ ಹಿಡಿದರೆ ಸೊಂಟ ಜಾರಿತು, ಸೊಂಟ ಹಿಡಿದರೆ ತಲೆ ಹಿಂದಕ್ಕೆ ವಾಲಿತು. ಸರಳು ನೆಟ್ಟಗೆ ಮೇಲೆ ಬರುತ್ತದೆ, ಮನುಷ್ಯರ ಮೈ ಎಲ್ಲೆಲ್ಲೋ ಹರಿಯುತ್ತದೆ. ಮೂರು ಸಲ ನೋಡಿ ಕೈಬಿಟ್ಟೆ. ಅತ್ತೆಗೆ ನಗು ತಡೆಯಲಾಗಲಿಲ್ಲ.

"ನಂಗೆ ಹಿಡಿ ಇಟ್ಟಿಲ್ಲ ಕಣೇ ದೇವರು!"

ನಾನು ನಗಲಿಲ್ಲ. ಹತ್ತು ವಾರ ನೀರಲ್ಲಿ ಹೋಮವಾಯಿತಲ್ಲ ಎನಿಸಿತು.

ಮರುದಿನ ಕೋಚಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ಅಕ್ಕ? ಬಿದ್ದವರನ್ನ ಪೂರ್ತಿ ಎತ್ತೋಕೆ ನಂಗೂ ಆಗಲ್ಲ. ಅವರು ಅರ್ಧ ಏಳಬೇಕು, ನೀವು ಅರ್ಧ ಎತ್ತಬೇಕು. ಕರ್ಕೊಂಡು ಬನ್ನಿ ಅವರನ್ನ."

"ಅವರಿಗೆ ಎಪ್ಪತ್ತೆಂಟು!"

"ಕಾಲಿದೆಯಲ್ಲ?"

ಡಾಕ್ಟರನ್ನು ಕೇಳಿ, ಅವರು ಹೂಂ ಅಂದ ಮೇಲೆ ಅತ್ತೆ ಬಂದರು. ಮೊದಲ ದಿನ ಕುರ್ಚಿಯಿಂದ ಏಳುವುದು, ಕೂರುವುದು, ಅಷ್ಟೇ. ಪದ್ಯ ಹೇಳುತ್ತಲೇ ಎದ್ದರು. ಆರು ಸಾಲಿಗೆ ಎರಡು ಸಲ ಮಾತ್ರ. ತಿಂಗಳು ಕಳೆಯುವಷ್ಟರಲ್ಲಿ ಸಾಲಿಗೊಂದು ಸಲ ಏಳುತ್ತಿದ್ದರು. ಬೇಕರಿ ಅಕ್ಕ ತನ್ನ ಸರಳನ್ನು ಮರೆತು ಅವರ ಪದ್ಯವನ್ನೇ ಬಾಯಿಪಾಠ ಮಾಡಿಕೊಂಡಳು, ಮೂರನೆಯ ಸಾಲನ್ನು ಮಾತ್ರ ಯಾವಾಗಲೂ ಮೊಟಕು ಮಾಡುತ್ತಿದ್ದಳು. "ಸೋಮಾರಿ," ಎನ್ನುತ್ತಿದ್ದರು ಅತ್ತೆ.

ಆಮೇಲೆ ಬಿದ್ದರೆ ಏಳುವ ಪಾಠ, ಪದ್ಯದ ಸಾಲಿಗೊಂದು ಹಂತ. ಪಕ್ಕಕ್ಕೆ ಹೊರಳುವುದು, ಕೈಯೂರಿ ಮಂಡಿಗೆ ಬರುವುದು, ಕುರ್ಚಿಯವರೆಗೆ ಅಂಬೆಗಾಲಿಡುವುದು, ಕುರ್ಚಿ ಹಿಡಿಯುವುದು, ಒಂದು ಪಾದ ಮುಂದಿಡುವುದು.

"ಐದಕ್ಕೇ ಎದ್ದುಬಿಡಬಹುದು ಅಜ್ಜಿ," ಎಂದಳು ಕೋಚಮ್ಮ.

"ಐದನೇ ಸಾಲು ಗಿಡ್ಡ. ಅದರಲ್ಲಿ ಉಸಿರು ಸಾಲಲ್ಲ. ಏಳೋದು ಆರಕ್ಕೇ," ಎಂದರು ಅತ್ತೆ. ಮೂವತ್ತು ವರ್ಷದಲ್ಲಿ ಅವರ ಜೊತೆ ವಾದ ಮಾಡಿ ನಾನು ಗೆದ್ದಿಲ್ಲ. ಕೋಚಮ್ಮನೂ ಗೆಲ್ಲಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾದಿನಿ ಬಂದಳು. ಚೀಲದಿಂದ ಆರೈಕೆ ಮನೆಯ ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು. "ಈಗಲೇ ಅಂತಲ್ಲ ಅತ್ತಿಗೆ. ತುಂಬಿಸಿ ಇಟ್ಕೊಂಡಿರೋಣ." ಅವಳ ಮಾತು ಮುಗಿಯುವ ಮೊದಲೇ ಅಡುಗೆಮನೆಯಲ್ಲಿ ಸದ್ದಾಯಿತು. ಸ್ಟೂಲು ಉರುಳಿತ್ತು, ಪಕ್ಕದಲ್ಲಿ ಅತ್ತೆ.

ನಾದಿನಿ ಓಡಿಹೋಗಿ ಅವರ ತೋಳಿಗೆ ಕೈ ಹಾಕಿದಳು.

"ಎಳೀಬೇಡ!" ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಅತ್ತೆ, ಎಲ್ಲಾದ್ರೂ ನೋವಿದೆಯಾ? ಕೈಕಾಲು ಆಡಿಸಿ."

ಅವರು ಆಡಿಸಿದರು. "ನೋವಿಲ್ಲ. ಕುರ್ಚಿ ತಾ."

ತಂದಿಟ್ಟೆ. ನಾದಿನಿ ಫೋನು ಹಿಡಿದು ನಿಂತಿದ್ದಳು. ಅತ್ತೆ ಕಣ್ಣು ಮುಚ್ಚಿ ಮೊದಲ ಸಾಲು ಹೇಳಿದರು, ಹೊರಳಿದರು. ಎರಡಕ್ಕೆ ಮಂಡಿ. ಮೂರನೆಯದು ಉದ್ದ, ಕುರ್ಚಿಯೂ ದೂರ, ಎರಡೂ ಒಟ್ಟಿಗೇ ಮುಗಿದವು. ನಾಲ್ಕಕ್ಕೆ ಕೈ. ಐದಕ್ಕೆ ಪಾದ. ಆರನೆಯ ಸಾಲಿನ ನಡುವೆ ದನಿ ಸಣ್ಣದಾಗಿ ನಿಂತೇಹೋಯಿತು. ಅತ್ತೆ ಪದ್ಯವನ್ನು ಅರ್ಧಕ್ಕೆ ಬಿಟ್ಟಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹಿಂದಿನಿಂದ ಅವರ ಸೊಂಟ ಬಳಸಿ ಹಿಡಿದೆ, ಪಾದದಿಂದ ನೆಲ ಒತ್ತಿದೆ, ಉಳಿದ ಸಾಲನ್ನು ಒಂದೇ ಉಸಿರಿಗೆ ಹೇಳಿದೆ. ಸಾಲು ಮುಗಿದಾಗ ಇಬ್ಬರೂ ನಿಂತಿದ್ದೆವು.

ನಾದಿನಿ ಕೇಳಿದಳು: "ಎದ್ದಿದ್ದು ಯಾರು ಅಮ್ಮ, ನೀನಾ? ಅತ್ತಿಗೆ ಎತ್ತಿದ್ರಾ?"

"ಐದೂವರೆ ಸಾಲು ನಾನು. ಅರ್ಧ ಸಾಲು ಅವಳು." ಅತ್ತೆ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡರು. "ಆ ಅರ್ಧ ಇಲ್ದಿದ್ರೆ ಪದ್ಯ ಆಗ್ತಿರ್ಲಿಲ್ಲ."

ನಾದಿನಿ ಮೇಜಿನ ಮೇಲಿನ ಅರ್ಜಿಯನ್ನು ಎರಡಾಗಿ ಮಡಚಿ ಚೀಲಕ್ಕೆ ತುರುಕಿದಳು. ಮತ್ತೆ ಅಡುಗೆಮನೆಗೆ ಬಂದು ಉರುಳಿದ್ದ ಸ್ಟೂಲನ್ನು ಎತ್ತಲು ಬಗ್ಗಿದಳು.

"ಬೆನ್ನು ಬಗ್ಗಿಸಬೇಡ," ಎಂದರು ಅತ್ತೆ. "ಮೊಣಕಾಲು ಬಗ್ಗಿಸು. ಉಸಿರು ಬಿಡ್ತಾ ಎತ್ತು."