ದಾಳಿಗೆ ತಕ್ಕ ಮರ

"ಇದು ಬೇಡ. ಹಿಡಿದ್ರೆ ಏನೂ ಹಿಡಿದ ಹಾಗೇ ಆಗಲ್ಲ," ಎಂದು ಕಟಿಂಗ್ ಮಾಸ್ತರ ಬ್ಯಾಟಿನ ಬ್ಲೇಡನ್ನು ಗಾಜಿನ ಕೌಂಟರಿನ ಮೇಲೆ ವಾಪಸ್ಸಿಟ್ಟ.

ಅಂಗಡಿಯವನು ನಕ್ಕ. ಒಂದು ಕಾಲದಲ್ಲಿ ಇಬ್ಬರದೂ ಟೇಬಲ್ ಟೆನಿಸ್ ಡಬಲ್ಸ್ ಜೋಡಿ. ಈಗ ಅಂಗಡಿಯವನಿಗೆ ಹೊಟ್ಟೆ ಬಂದು ಮಂಡಿ ಹೋಗಿತ್ತು. ಕೌಂಟರಿನ ತುಂಬ ಇನ್ನೂ ರಬ್ಬರ್ ಅಂಟಿಸದ ಬರೀ ಮರದ ಬ್ಲೇಡುಗಳು ಹರಡಿದ್ದವು.

"ಹಗುರದ್ದು ತೋರ್ಸು ಅಂದೋನು ನೀನೇ ಅಲ್ವೇನೋ?"

"ಹಗುರ ಇರ್ಬೇಕು. ಆದ್ರೆ ಹೊಡೆದ್ರೆ ಚೆಂಡು ಸಾಯ್ಬಾರ್ದು."

"ಹೆಣ್ಣು ನೋಡೋಕೆ ಹೋದಾಗ್ಲೂ ನೀನು ಇಷ್ಟು ತಕರಾರು ಮಾಡಿರ್ಲಿಲ್ವಂತೆ!" ಅಂಗಡಿಯವನು ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಮಾಸ್ತರನ ಹೆಂಡತಿಯತ್ತ ನೋಡಿ ಕಣ್ಣು ಮಿಟುಕಿಸಿದ. "ದಾಳಿ ಆಡೋನಿಗೆ ಮರದಲ್ಲಿ ತೂಕ ಬೇಕು ಕಣೋ. ಇಲ್ದಿದ್ರೆ ಅಷ್ಟೂ ಹೊಡೆತ ನಿನ್ನ ತೋಳಿಂದ್ಲೇ ಬರ್ಬೇಕು."

ಅವಳು ನಗಲು ಹೋಗಿ ಮಡಿಲಲ್ಲಿದ್ದ ಚೀಲ ಸರಿಪಡಿಸಿಕೊಂಡಳು.

ಉಡುಪಿನ ಕಾರ್ಖಾನೆಯಲ್ಲಿ ಪದರಪದರವಾಗಿ ಹಾಸಿದ ಬಟ್ಟೆಯನ್ನು ಗೆರೆ ತಪ್ಪದೆ ಕತ್ತರಿಸುವುದು ಮಾಸ್ತರನ ಕೆಲಸ. ಮೊದಲು ಕತ್ತರಿ ಕೈಯಿಂದ ಜಾರತೊಡಗಿತು. ಮೊಂಡಾಗಿದೆಯೆಂದು ಸಾಣೆ ಹಿಡಿಸಿದ. ಆಮೇಲೆ ಕ್ಲಬ್ಬಿನಲ್ಲಿ ಅವನ ಸ್ಮ್ಯಾಷುಗಳು ನೆಟ್ಟಿಗೆ ಬೀಳತೊಡಗಿದವು. ಬ್ಯಾಟಿನ ಮರ ಸೊಟ್ಟಗಾಗಿದೆ ಎಂದ. ಕೊನೆಗೆ ಹೆಂಡತಿಯ ಕಾಟ ತಾಳಲಾರದೆ ಆಸ್ಪತ್ರೆಗೆ ಹೋದಾಗ, ನರರೋಗದ ವೈದ್ಯೆ ಅವನ ಹೆಬ್ಬೆರಳು ತೋರುಬೆರಳುಗಳ ನಡುವೆ ಬಿದ್ದಿದ್ದ ಕುಳಿಯನ್ನು ಒತ್ತಿ ನೋಡಿದಳು. ಶುರುವಾಗಿರುವುದು ಇಲ್ಲಿಂದ, ಮುಂದೆ ತೋಳಿಗೆ ಹೋಗುತ್ತದೆ, ಆಮೇಲೆ ಉಳಿದ ಕಡೆಗೂ ಎಂದಳು. ತಡೆಯುವಂಥ ಔಷಧಿ ಇಲ್ಲ ಎಂಬುದನ್ನು ಎರಡು ಬಗೆಯಲ್ಲಿ ಹೇಳಿದಳು, ಒಂದು ಬಗೆಯಲ್ಲಿ ಅರ್ಥವಾಗಲಿಲ್ಲವೇನೋ ಎಂಬಂತೆ. ಮನೆಗೆ ಬಂದು ಚಪ್ಪಲಿ ಬಿಡುತ್ತ ಅವನು ಆಡಿದ್ದು ಒಂದೇ ಮಾತು: "ಆ ಬ್ಯಾಟ್ ಬದಲಾಯಿಸ್ಬೇಕು." ಅವಳು "ಭಾನುವಾರ ಹೋಗೋಣ" ಎಂದಿದ್ದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಗಿರಾಕಿಗಳು ಆಡಿ ನೋಡಲೆಂದು ಒಂದು ಟೇಬಲ್ ಇತ್ತು. ರಬ್ಬರ್ ಹಚ್ಚಿದ ಎರಡು ಮಾದರಿ ಬ್ಯಾಟುಗಳನ್ನು ಅಂಗಡಿಯವನು ತಂದ. ಹೆಂಡತಿಯೂ ಎದ್ದು ಬಂದು ಬಾಗಿಲ ಬಳಿ ನಿಂತಳು. ಹಗುರದ್ದರಲ್ಲಿ ಮಾಸ್ತರ ಬೀಸಿದ ಚೆಂಡುಗಳೆಲ್ಲ ಟೇಬಲ್ಲಿಗೆ ಬಿದ್ದವು, ಆದರೆ ಅಂಗಡಿಯವನು ನಿಂತಲ್ಲೇ ನಿಂತು ಅವನ್ನೆಲ್ಲ ಆರಾಮವಾಗಿ ಹಿಂತಿರುಗಿಸಿದ. ಏಳು ಪದರದ ಭಾರದ ಬ್ಯಾಟು ಕೈಗೆ ಬಂದಮೇಲೆ ಮಾಸ್ತರ ಒಂದು ಹೆಜ್ಜೆ ಬದಿಗೆ ಸರಿದು, ಸೊಂಟ ತಿರುಗಿಸಿ ಹೊಡೆದ. ಚೆಂಡು ಚಟೀರೆಂದು ಮೂಲೆಗೆ ಬಿದ್ದು ಗೋಡೆಗೆ ಬಡಿಯಿತು. ಅಂಗಡಿಯವನ ಬ್ಯಾಟು ಮೇಲೇಳಲೂ ಇಲ್ಲ.

"ಅಬ್ಬಾ! ಹಳೇ ಹುಲಿ!"

ಎರಡನೆಯದೂ ಹಾಗೇ ಹೋಯಿತು. ಮೂರನೆಯದಕ್ಕೆ ಚೆಂಡಿನ ಹಿಂದೆಯೇ ಬ್ಯಾಟೂ ಹಾರಿ, ಟೇಬಲ್ ದಾಟಿ, ರಟ್ಟಿನ ಪೆಟ್ಟಿಗೆಗಳ ನಡುವೆ ಬಿತ್ತು.

"ಬೆವರು ನೋಡು," ಎನ್ನುತ್ತ ಅಂಗಡಿಯವನು ಅದನ್ನು ಎತ್ತಿ ತಂದ. ಗೆಳೆಯನ ಅಂಗೈ ಒರೆಸಲು ಟವೆಲ್ ಹಿಡಿದು ಅವನ ಕೈಯನ್ನು ತನ್ನತ್ತ ಎಳೆದುಕೊಂಡ. ಅಂಗೈ ಒಣಗಿಯೇ ಇತ್ತು. ಅಂಗಡಿಯವನ ಹೆಬ್ಬೆರಳು ಆ ಕುಳಿಯೊಳಗೆ ಇಳಿದು ನಿಂತಿತು. ಅವನು ಮಾಸ್ತರನ ಹೆಂಡತಿಯನ್ನು ನೋಡಿದ. ಅವಳು ನೆಲ ನೋಡಿದಳು.

ಅಂಗಡಿಯವನು ಕೌಂಟರಿಗೆ ಹೋಗಿ ಅಗಲ ಮುಖದ ಬೇರೊಂದು ಬ್ಲೇಡ್ ಹಿಡಿದು ಬಂದ. ದನಿ ತಗ್ಗಿತ್ತು. "ಇದು ನಿಧಾನದ್ದು. ಹಿಂದೆ ನಿಂತ್ಕೊಂಡು ಚೆಂಡನ್ನ ಕಟ್ ಮಾಡಿ ವಾಪಸ್ ಹಾಕ್ತಾ ಇದ್ರೆ ಸಾಕು, ಎದುರಿನೋನೇ ತಪ್ಪು ಮಾಡ್ತಾನೆ. ವಯಸ್ಸಾದ್ಮೇಲೆ ಎಲ್ರೂ ಇದಕ್ಕೇ ಬರ್ತಾರೆ."

"ಎದುರಿನೋನು ತಪ್ಪು ಮಾಡೋವರೆಗೂ ಕಾಯ್ಬೇಕು."

"ಹ್ಞೂಂ. ತಾಳ್ಮೆ ಬೇಕು."

"ತಾಳ್ಮೆಗೇನು ಕಮ್ಮಿ ಇಲ್ಲ ಕಣೋ," ಮಾಸ್ತರ ಹೇಳಿದ. "ಟೈಮಿಲ್ಲ."

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ.

"ಆ ಭಾರದ್ದನ್ನೇ ಕಟ್ಟಿಕೊಡಿ ಅಣ್ಣಾ," ಎಂದಳು ಹೆಂಡತಿ.

ಬೀದಿಯಲ್ಲಿ ಸ್ವಲ್ಪ ದೂರ ನಡೆದಮೇಲೆ ಅವನು ಕೇಳಿದ, "ಯಾಕೆ ಹಾಗಂದೆ? ಬ್ಯಾಟ್ ಬಿದ್ದಿದ್ದು ನೀನೂ ನೋಡಿದೆಯಲ್ಲ."

"ನೋಡ್ದೆ. ಅದಕ್ಕೆ ಮುಂಚೆ ಹೊಡೆದ್ರಲ್ಲ, ಅದನ್ನೂ ನೋಡ್ದೆ."

ಕಾರ್ಖಾನೆಯ ಕ್ಲಬ್ಬಿನಲ್ಲಿ ಮೊದಮೊದಲು ಆಟ ನಡೆಯಿತು. ಇಸ್ತ್ರಿ ವಿಭಾಗದ ಉದ್ದ ಕಾಲಿನವನೊಬ್ಬನನ್ನು ಎಲ್ಲರೂ ಒಂಟೆ ಎನ್ನುತ್ತಿದ್ದರು. ಸೋತಾಗೆಲ್ಲ ಬೈದಾಡುವವನು. ಒಂದು ಸಂಜೆ ಮಾಸ್ತರ ಅವನ ಮೇಲೆ ಸಾಲಾಗಿ ನಾಲ್ಕು ಪಾಯಿಂಟು ಹೊಡೆದ. ಒಂಟೆ ಬ್ಯಾಟನ್ನು ತೊಡೆಗೆ ಬಡಿದುಕೊಂಡು, "ಏನ್ ಹಾಕ್ಸಿದ್ದೀರಿ ಮಾರಾಯ್ರೇ ಅದಕ್ಕೆ, ಬಾಂಬಾ?" ಎಂದು ಕೂಗಿದ. ಆ ದಿನ ಮಾಸ್ತರ ಮನೆಗೆ ಬಂದು ಅದನ್ನು ಹೆಂಡತಿಗೆ ಅಭಿನಯಿಸಿ ತೋರಿಸಿದ.

ಆಮೇಲೆ ಚಳಿ ಬಂತು. ಕಾರ್ಖಾನೆಯವರು ಅವನನ್ನು ಕತ್ತರಿಯಿಂದ ಬಿಡಿಸಿ ಗುಂಡಿಗಳನ್ನು ವಿಂಗಡಿಸುವಲ್ಲಿ ಕೂರಿಸಿದರು. ಕೆಲವೇ ದಿನಗಳಲ್ಲಿ ಅದೂ ಆಗದಾಯಿತು. ಆದರೂ ಅವನು ಕ್ಲಬ್ಬಿಗೆ ಹೋದ. ಒಂಟೆ ಚೆಂಡನ್ನು ನೆಟ್ಟಿನ ಮೇಲೆ ಮೆತ್ತಗೆ, ಎತ್ತರಕ್ಕೆ, ನಡುವಿಗೇ ಹಾಕಿದ. ಮಾಸ್ತರ ಬೀಸಿದ, ತಪ್ಪಿತು. ಇನ್ನೊಂದು, ಇನ್ನೂ ಮೆತ್ತಗೆ. ಮಾಸ್ತರ ಅದನ್ನು ಎಡಗೈಯಲ್ಲಿ ಹಿಡಿದುಕೊಂಡ.

"ಸರಿಯಾಗಿ ಆಡು."

"ಸರಿಯಾಗೇ ಆಡ್ತಿದ್ದೀನಲ್ಲ, ಮಾಸ್ತರ್ರೇ."

"ಬೈಯೋ ಒಂದ್ಸಲ."

ಒಂಟೆ ಬಾಯಿ ತೆರೆದ. ಮತ್ತೆ ಮುಚ್ಚಿ ಬ್ಯಾಟನ್ನು ಅಂಗಿಗೆ ಒರೆಸಿಕೊಂಡ. ಗೋಡೆ ಬದಿಯ ಬೆಂಚಿನವರು ತಂತಮ್ಮ ಶೂ ದಾರಗಳನ್ನು ನೋಡಿಕೊಂಡರು. ಮಾಸ್ತರ ಬ್ಯಾಟನ್ನು ಟೇಬಲ್ ಮೇಲೆ ಮಲಗಿಸಿ ಹೊರಟ.

ಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಅವನು ಬರಿಗೈಲಿ ಬಂದದ್ದನ್ನು ಅವಳು ನೋಡಿದಳು. ಅವನು ಕೈ ತೊಳೆಯಲು ಬಚ್ಚಲಿಗೆ ಹೋದ. ನಲ್ಲಿಯ ನೀರು ಧೋ ಎಂದು ಬಿತ್ತು, ಹಾಗೇ ಬೀಳುತ್ತಲೇ ಇತ್ತು. ಅವನು ಅದನ್ನು ನಿಲ್ಲಿಸಲು ಹೆಣಗುತ್ತಿರುವುದು ಅವಳಿಗೆ ಕೇಳಿಸಿತು. ಒಂದು ಕೈಯಲ್ಲಿ, ಆಮೇಲೆ ಎರಡೂ ಕೈಯಲ್ಲಿ, ಆಮೇಲೆ ಮೊಣಕೈಯಲ್ಲಿರಬೇಕು. ಅವಳು ಚಾಕು ಕೆಳಗಿಟ್ಟಳು. ಏಳಲಿಲ್ಲ. ನೀರಿನ ಸದ್ದು ಕಿರಿದಾಯಿತು, ಎಳೆಯಾಯಿತು, ಆಮೇಲೆ ಹನಿಯಾಯಿತು. ಹನಿ ನಿಲ್ಲಲಿಲ್ಲ. ಅವನು ಇನ್ನೂ ಒಳಗೇ ಇದ್ದ.